ಮರದ ಗೋಡೆಯೋ, ಇಟ್ಟಿಗೆಯೋ, ಕಾಂಕ್ರೀಟೋ? ಮನೆಯೊಳಗೆ ಸಿಗ್ನಲ್ ಬೇಕು ಅನ್ನುವವರಿಗೆ ಒಂದು ಹೋಲಿಕೆ

ನಂದಿ ಬೆಟ್ಟದ ತಪ್ಪಲಲ್ಲಿ ನಮ್ಮ ಭಾವ ಎರಡು ಮರದ ಕಾಟೇಜ್ ಕಟ್ಟಿಸಿದರು. ವಾರದ ಕೊನೆಗೆ ಬರುವ ಜನರಿಗೆ ಬಾಡಿಗೆಗೆ ಕೊಡುವ ಆಸೆ. ಕಟ್ಟಿದವರು ಮೊದಲೇ ಹೇಳಿದ್ದರಂತೆ, "ಮರದ ಗೋಡೆ ಸರ್, ಸಿಗ್ನಲ್ ಸಲೀಸಾಗಿ ಬರುತ್ತೆ" ಅಂತ. ಮನೆ ಮುಗಿಯಿತು, ಅತಿಥಿಗಳು ಬಂದರು. ಬಂದವರೆಲ್ಲ ಫೋನ್ ಹಿಡಿದುಕೊಂಡು ಅಂಗಳಕ್ಕೆ ಬಂದು ನಿಂತು ಮಾತಾಡುತ್ತಿದ್ದರು. ಒಳಗೆ ಒಂದು ಕಡ್ಡಿಯೂ ಇಲ್ಲ. ಒಂದು ಕಾಟೇಜಿನ ವೈಫೈ ಪಕ್ಕದ ಕಾಟೇಜಿಗೆ ತಲುಪುತ್ತಲೇ ಇರಲಿಲ್ಲ.

ನಾನು ತುಮಕೂರಿನಲ್ಲಿ ಮನೆ, ಅಂಗಡಿ, ಕಚೇರಿಗಳಿಗೆ ನೆಟ್‌ವರ್ಕ್ ವೈರಿಂಗ್ ಮಾಡುವವನು. ಭಾವ ಫೋನ್ ಮಾಡಿ, "ನೋಡಪ್ಪಾ, ಊರಲ್ಲಿರೋ ಹಳೇ ಆರ್‌ಸಿಸಿ ಮನೇಲೂ ಇಷ್ಟು ಕಷ್ಟ ಇಲ್ಲ. ಮರ ಅಂತ ನಂಬಿ ಕೆಟ್ಟೆ" ಅಂದರು. ಹೋಗಿ ನೋಡಿದೆ. ಹೆಂಚಿನ ಕೆಳಗೆ ಬಿಸಿಲು ತಡೆಯಲು ಹಾಸಿದ ಬೆಳ್ಳಿ ಬಣ್ಣದ ಫಾಯಿಲ್ ಹಾಳೆ. ಗೋಡೆಯ ಹೊರಮೈಯ ಹಿಂದೆಯೂ ಅದೇ ಹಾಳೆ. ಕಿಟಕಿಗಳಿಗೆ ಕನ್ನಡಿಯಂತೆ ಹೊಳೆಯುವ ರಿಫ್ಲೆಕ್ಟಿವ್ ಗ್ಲಾಸ್. ಅಂದರೆ ನಮ್ಮ ಭಾವ ಕಟ್ಟಿಸಿದ್ದು ಮರದ ಮನೆಯೇ ನಿಜ, ಆದರೆ ಸಿಗ್ನಲ್ ಪಾಲಿಗೆ ಅದು ಲೋಹದ ಡಬ್ಬಿ. ಅದರಲ್ಲಿ ಮರದ ತಪ್ಪು ಏನೂ ಇರಲಿಲ್ಲ.

ಈಗ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಸುತ್ತ ತೋಟದ ಮನೆ, ಹೋಂಸ್ಟೇ, ಸಣ್ಣ ಕಚೇರಿ ಕಟ್ಟುವ ಹಲವರು ಮರದ ಬಗ್ಗೆ ವಿಚಾರಿಸುತ್ತಿದ್ದಾರೆ. ಅವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಸಿಗ್ನಲ್‌ಗೆ ಯಾವ ಗೋಡೆ ಒಳ್ಳೆಯದು? ನಾನು ಪ್ರತಿ ಸಲ ಹೇಳುವುದೂ ಒಂದೇ. ಗೋಡೆ ಯಾವುದರದು ಅಂತ ಮಾತ್ರ ಕೇಳಬೇಡಿ. ಗೋಡೆಯ ಒಳಗೆ, ಹಿಂದೆ, ಮೇಲೆ, ಪಕ್ಕದಲ್ಲಿ ಏನಿದೆ ಅಂತ ಕೇಳಿ.

ನೂರು ರೂಪಾಯಿ ಲೆಕ್ಕ

ಸಿಗ್ನಲ್ ಎಷ್ಟು ಕಡಿಮೆಯಾಯಿತು ಅನ್ನುವುದನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ, ಚಿಕ್ಕದಾಗಿ ಡಿಬಿ. ಇದು ಗೊತ್ತಿಲ್ಲದಿದ್ದರೆ ಮುಂದಿನ ಹೋಲಿಕೆ ಅರ್ಥವಾಗುವುದಿಲ್ಲ. ಹಾಗಾಗಿ ದುಡ್ಡಿನ ಲೆಕ್ಕದಲ್ಲಿ ಹೇಳುತ್ತೇನೆ. ಗೋಡೆಯ ಆ ಕಡೆ 100 ರೂಪಾಯಿ ಸಿಗ್ನಲ್ ಇದೆ ಅಂದುಕೊಳ್ಳಿ. ಗೋಡೆ 3 ಡಿಬಿ ತಿಂದರೆ ಈ ಕಡೆ 50 ರೂಪಾಯಿ ಬರುತ್ತದೆ. 10 ಡಿಬಿ ತಿಂದರೆ 10 ರೂಪಾಯಿ. 20 ಡಿಬಿ ತಿಂದರೆ 1 ರೂಪಾಯಿ.

ಮೊಬೈಲ್ ಜಾಲಗಳಿಗೆ ನಿಯಮ ರೂಪಿಸುವ 3ಜಿಪಿಪಿ ಎಂಬ ಜಾಗತಿಕ ಕೂಟ ಒಂದು ಲೆಕ್ಕದ ಮಾದರಿ ಇಟ್ಟುಕೊಂಡಿದೆ. ಯಾವ ವಸ್ತು ಎಷ್ಟು ಸಿಗ್ನಲ್ ತಿನ್ನುತ್ತದೆ ಅಂತ ಅದರಲ್ಲಿ ಸೂತ್ರಗಳಿವೆ. ಅಲೆ ಎಷ್ಟು ವೇಗವಾಗಿ ಕಂಪಿಸುತ್ತದೆ ಅನ್ನುವುದನ್ನು ಗಿಗಾಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ವೈಫೈನ 2.4 ಗಿಗಾಹರ್ಟ್ಸ್‌ಗೆ ಆ ಸೂತ್ರ ಹಾಕಿದರೆ ಮರಕ್ಕೆ ಸುಮಾರು 5 ಡಿಬಿ ಬರುತ್ತದೆ. ಕಾಂಕ್ರೀಟ್‌ಗೆ 14.6, ಸಾದಾ ಗಾಜಿಗೆ 2.5. ಶಾಖ ತಡೆಯಲು ಲೋಹದ ಲೇಪ ಹಾಕಿದ ಗಾಜಿಗೆ 23.7. ರೂಪಾಯಿಯಲ್ಲಿ ಹೇಳಿದರೆ ನೂರರಲ್ಲಿ ಮರ ಸುಮಾರು 31 ರೂಪಾಯಿ ಬಿಟ್ಟುಕೊಡುತ್ತದೆ, ಕಾಂಕ್ರೀಟ್ ಮೂರೂವರೆ ರೂಪಾಯಿ. ಲೇಪ ಹಾಕಿದ ಗಾಜು ಬಿಡುವುದು 43 ಪೈಸೆ.

ಆ ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಹೊಳೆಯುವ ಗಾಜಿನ ಕಿಟಕಿ ಕಾಂಕ್ರೀಟ್ ಗೋಡೆಗಿಂತ ಜಾಸ್ತಿ ತಡೆಯುತ್ತದೆ. ಬಹಳ ಜನ ಇದನ್ನು ನಂಬುವುದಿಲ್ಲ. "ಗಾಜು ಅಲ್ವಾ, ಬೆಳಕು ಬರುತ್ತಲ್ಲ, ಸಿಗ್ನಲ್ ಯಾಕೆ ಬರಲ್ಲ?" ಅಂತ ಕೇಳುತ್ತಾರೆ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಪದರ ಇರುತ್ತದೆ. ಬೆಳಕು ಅದನ್ನು ದಾಟುತ್ತದೆ. ರೇಡಿಯೋ ಅಲೆ ಬಡಿದು ವಾಪಸ್ಸಾಗುತ್ತದೆ.

ವೈಫೈನ ಇನ್ನೊಂದು ಬ್ಯಾಂಡ್ 5 ಗಿಗಾಹರ್ಟ್ಸ್. ನಮ್ಮ ದೇಶದಲ್ಲಿ 2018ರಲ್ಲಿ ಈ ಬ್ಯಾಂಡಿನ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಈಗಿನ ರೂಟರ್‌ಗಳ ವೇಗದ ಬಹುಪಾಲು ಬರುವುದು ಇಲ್ಲಿಂದಲೇ. ಈ ಬ್ಯಾಂಡಿನ ನಡುವಿನ 5.5 ಗಿಗಾಹರ್ಟ್ಸ್ ಹಿಡಿದರೆ ಕಾಂಕ್ರೀಟಿನ ಲೆಕ್ಕ 27 ಡಿಬಿಗೆ ಹೋಗುತ್ತದೆ, ಅಂದರೆ ನೂರಕ್ಕೆ 20 ಪೈಸೆ. ಮರದ್ದು ಅದೇ ಮಾದರಿಯಲ್ಲಿ 5.5ರ ಹತ್ತಿರವೇ ನಿಲ್ಲುತ್ತದೆ. ಮರ ಮತ್ತು ಕಾಂಕ್ರೀಟಿನ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ.

ಮನೆಯೊಳಗೆ ಇದು ಹೇಗೆ ಕಾಣುತ್ತದೆ? ರೂಟರ್‌ನಿಂದ 2 ಮೀಟರ್ ದೂರದಲ್ಲಿ ನಿಮ್ಮ ಫೋನಿನ ವೈಫೈ ಅಳೆಯುವ ಆ್ಯಪ್ ಸಿಗ್ನಲ್ ಬಲ ಮೈನಸ್ 40 ಅಂತ ತೋರಿಸುತ್ತದೆ ಅಂದುಕೊಳ್ಳಿ. ಈ ಅಂಕಿ ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ವಿಡಿಯೋ ಕಾಲ್ ಕಡಿಯದೆ ನಡೆಯಲು ಅದು ಮೈನಸ್ 67ಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ ನಿಮ್ಮ ಕೈಯಲ್ಲಿ ಖರ್ಚಿಗೆ 27 ಡಿಬಿ ಇದೆ. ದೂರ ಎರಡು ಪಟ್ಟಾದಾಗಲೆಲ್ಲ ಬಯಲಲ್ಲೂ 6 ಡಿಬಿ ಹೋಗುತ್ತದೆ. 2 ಮೀಟರ್‌ನಿಂದ 8 ಮೀಟರ್‌ಗೆ ಹೋದರೆ 12 ಖರ್ಚು. ಉಳಿದದ್ದು 15. ಆ 15ರಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ಒಂದು ಕಾಂಕ್ರೀಟ್ ಗೋಡೆ ದಾಟಬಹುದು, ಅಷ್ಟೇ. ಮರದ ಗೋಡೆಯಾದರೆ ಹೆಚ್ಚೂಕಡಿಮೆ ಮೂರು ದಾಟಬಹುದು. 5 ಗಿಗಾಹರ್ಟ್ಸ್‌ನಲ್ಲಿ ಒಂದು ಕಾಂಕ್ರೀಟ್ ಗೋಡೆಯೂ ದಾಟುವುದಿಲ್ಲ. ಮರದ್ದಾದರೆ ಎರಡು.

ಮಾಸ್ ಟಿಂಬರ್ ಅಂದರೆ ಬಾಗಿಲ ಹಲಗೆ ಅಲ್ಲ

ಮರದ ಗೋಡೆ ಅಂದಕೂಡಲೇ ನಮಗೆ ನೆನಪಾಗುವುದು ಪ್ಲೈವುಡ್ ಪಾರ್ಟಿಷನ್. ಮಾಸ್ ಟಿಂಬರ್ ಅದಲ್ಲ. ಇದು ಮನೆಯ ಭಾರ ಹೊರುವ ಮರ. ಒಣಗಿಸಿದ ಹಲಗೆಗಳನ್ನು ಒಂದು ಪದರ ಉದ್ದಕ್ಕೆ, ಇನ್ನೊಂದು ಪದರ ಅಡ್ಡಕ್ಕೆ ಇಟ್ಟು, ಅಂಟು ಹಾಕಿ ಒತ್ತುತ್ತಾರೆ. ಮೂರು, ಐದು, ಏಳು ಪದರಗಳ ದಪ್ಪ ಹಲಗೆ ತಯಾರಾಗುತ್ತದೆ. ಇದಕ್ಕೆ ಸಿಎಲ್‌ಟಿ ಅನ್ನುತ್ತಾರೆ. ಹಲಗೆಗಳನ್ನು ಒಂದೇ ದಿಕ್ಕಿಗೆ ಅಂಟಿಸಿ ಮಾಡಿದ ತೊಲೆ, ಕಂಬಗಳಿಗೆ ಗ್ಲೂಲ್ಯಾಮ್ ಅನ್ನುತ್ತಾರೆ. ಸಿಎಲ್‌ಟಿ ಬೆಳೆದಿದ್ದು 1990ರ ದಶಕದಲ್ಲಿ, ಆಸ್ಟ್ರಿಯಾ ಮತ್ತು ಜರ್ಮನಿಯಲ್ಲಿ. ನಾರ್ವೆಯ ಬ್ರುಮುಂಡಾಲ್ ಊರಿನಲ್ಲಿ 2019ರಲ್ಲಿ ಮುಗಿದ ಮಿಯೋಸ್ಟೋರ್ನೆಟ್ ಕಟ್ಟಡ 85.4 ಮೀಟರ್ ಎತ್ತರ ಇದೆ. ಅಮೆರಿಕದ ಮಿಲ್ವಾಕಿಯಲ್ಲಿ 2022ರಲ್ಲಿ ಮುಗಿದ ಅಸೆಂಟ್ ಕಟ್ಟಡಕ್ಕೆ 25 ಅಂತಸ್ತು. ನಮ್ಮ ಕಡೆ ಇದು ಇನ್ನೂ ಹೊಸದು, ಅಗ್ಗವೂ ಅಲ್ಲ.

ಒಂದು ವಿಷಯ ಇಲ್ಲಿ ನೇರವಾಗಿ ಹೇಳಬೇಕು. ದಪ್ಪ ಮರ ಸಿಗ್ನಲ್‌ಗೆ ಏನೂ ಮಾಡುವುದಿಲ್ಲ ಅನ್ನುವುದು ಸುಳ್ಳು. ವಿಶ್ವಸಂಸ್ಥೆಯ ದೂರಸಂಪರ್ಕ ಅಂಗವಾದ ಐಟಿಯು, ಪಿ.2040 ಎಂಬ ಶಿಫಾರಸಿನಲ್ಲಿ ಕಟ್ಟಡದ ವಸ್ತುಗಳ ಗುಣಗಳನ್ನು ಕೊಟ್ಟಿದೆ. ಅದನ್ನಿಟ್ಟು ನಾನು ಲೆಕ್ಕ ಹಾಕಿದೆ. 10 ಸೆಂಟಿಮೀಟರ್ ದಪ್ಪದ ಮರ 2.4 ಗಿಗಾಹರ್ಟ್ಸ್‌ನಲ್ಲಿ ಹೀರುವುದು ಸುಮಾರು ಒಂದೂವರೆ ಡಿಬಿ ಮಾತ್ರ. 5.5 ಗಿಗಾಹರ್ಟ್ಸ್‌ನಲ್ಲಿ ಅದೇ ಮರ ಸುಮಾರು ಮೂರೂವರೆ ಹೀರುತ್ತದೆ. ದಪ್ಪ 20 ಸೆಂಟಿಮೀಟರ್ ಆದರೆ ಸುಮಾರು 7. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೂ ಇದೇ ಲೆಕ್ಕ ಹಾಕಿದರೆ 2.4ರಲ್ಲಿ 5, 5.5ರಲ್ಲಿ 6ರ ಆಸುಪಾಸು ಬರುತ್ತದೆ. ಗೋಡೆಯ ಮೈಗೆ ಬಡಿದು ಹಿಂದಕ್ಕೆ ಹೋಗುವುದು ಈ ಲೆಕ್ಕದಲ್ಲಿ ಸೇರಿಲ್ಲ. ನಿಜವಾದ ಗೋಡೆಯಲ್ಲಿ ಎಲ್ಲಾ ಅಂಕಿಗಳೂ ಇನ್ನೊಂದಿಷ್ಟು ಮೇಲೆ ಹೋಗುತ್ತವೆ.

ಇದರ ಅರ್ಥ ಏನು? ತೆಳುವಾದ ಸಿಎಲ್‌ಟಿ ಗೋಡೆ ಇಟ್ಟಿಗೆಗಿಂತ ಚೆನ್ನಾಗಿ ಸಿಗ್ನಲ್ ಬಿಡುತ್ತದೆ. ತುಂಬಾ ದಪ್ಪದ ಸಿಎಲ್‌ಟಿ ಗೋಡೆ 5 ಗಿಗಾಹರ್ಟ್ಸ್‌ನಲ್ಲಿ ಇಟ್ಟಿಗೆಗೆ ಸಮ. ಕಾಂಕ್ರೀಟಿನಷ್ಟು ಮಾತ್ರ ಎರಡೂ ತಡೆಯುವುದಿಲ್ಲ. "ಸಿಗ್ನಲ್‌ಗೋಸ್ಕರ ಇಟ್ಟಿಗೆ ಬಿಟ್ಟು ಮರ ಹಾಕಿಸಲಾ?" ಅಂತ ಕೇಳಿದವರಿಗೆ ನಾನು ಬೇಡ ಅಂದಿದ್ದೇನೆ. ಮರ ನಿಮಗೆ ಇಷ್ಟ, ತಂಪು ಬೇಕು, ಬೇಗ ಕಟ್ಟಬೇಕು ಅಂತಿದ್ದರೆ ಹಾಕಿಸಿ. ಬರೀ ವೈಫೈಗಾಗಿ ಅಷ್ಟು ದುಡ್ಡು ಹಾಕಬೇಡಿ.

ತೇವ

ಮರದ ಅಸಲಿ ಶತ್ರು ನೀರು, ಸಿಗ್ನಲ್ ವಿಷಯದಲ್ಲೂ. ಕಾರ್ಖಾನೆಯಿಂದ ಬರುವ ಸಿಎಲ್‌ಟಿಯಲ್ಲಿ ತೇವಾಂಶ ನೂರಕ್ಕೆ 12ರ ಹತ್ತಿರ ಇರುತ್ತದೆ. ಆ ಮಟ್ಟದಲ್ಲಿ ಮರ ಒಳ್ಳೆಯದು. ಮಳೆಗೆ ನೆನೆದು ನೀರು ಕುಡಿದರೆ ಅದೇ ಮರ ಜಾಸ್ತಿ ಸಿಗ್ನಲ್ ಹೀರುತ್ತದೆ. ರೇಡಿಯೋ ಅಲೆಯನ್ನು ಹೀರುವುದರಲ್ಲಿ ನೀರಿಗೆ ಎತ್ತಿದ ಕೈ. ನಮ್ಮ ಮೂರು ಜಿಲ್ಲೆಗಳೂ ಒಣ ನಾಡು. ಮಲೆನಾಡಿನಂತೆ ತಿಂಗಳುಗಟ್ಟಲೆ ಜಡಿಮಳೆ ಇಲ್ಲ. ಮರದ ಗೋಡೆಗೆ ಇದೊಂದು ಅನುಕೂಲ. ಆದರೂ ಮಳೆ ಹೊಡೆಯುವ ಕಡೆಗೆ ಸೂರು ಉದ್ದ ಬಿಡಿಸಿ. ಬಚ್ಚಲು ಮನೆಯ ಗೋಡೆಯ ಹಿಂದೆ ರೂಟರ್ ಇಡಬೇಡಿ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮನೆಯನ್ನು ಮರದಲ್ಲಿ ಕಟ್ಟಿ, ಉಷ್ಣಾಂಶ ಅಳೆಯುವ ವೈಫೈ ಉಪಕರಣ ಹಾಕಿಸುವ ಯೋಚನೆ ಇದ್ದರೆ ಇದನ್ನು ವಿಶೇಷವಾಗಿ ಗಮನಿಸಿ. ಅಲ್ಲಿ ಹುಳುವಿಗೆ ಬೇಕು ಅಂತಲೇ ಗಾಳಿಯಲ್ಲಿ ತೇವ ಇಟ್ಟಿರುತ್ತಾರೆ. ರೂಟರ್ ಅಥವಾ ರಿಸೀವರ್ ಒಳಗೇ ಇರಲಿ.

ಮರದ ಜಾತಿ, ಒಣಗಿಸುವುದು, ಗೆದ್ದಲು, ಇವುಗಳ ಬಗ್ಗೆ ಸಂದೇಹ ಇದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಸಂಶೋಧನೆಗೇ ಇರುವ ಸರ್ಕಾರಿ ಸಂಸ್ಥೆ. ತುಮಕೂರಿನಿಂದ ಬೆಳಿಗ್ಗೆ ಹೊರಟರೆ ಕೆಲಸ ಮುಗಿಸಿ ಸಂಜೆಗೆ ವಾಪಸ್ ಬರಬಹುದು.

ಮರದ ಎಳೆಯ ದಿಕ್ಕಿಗೂ ಅಲೆಗೂ ಸಂಬಂಧ ಇದೆ. ಅಲೆಯ ಕಂಪನ ಎಳೆಯ ಉದ್ದಕ್ಕೇ ಇದ್ದರೆ ಮರ ಜಾಸ್ತಿ ಹೀರುತ್ತದೆ, ಅಡ್ಡಕ್ಕಿದ್ದರೆ ಕಡಿಮೆ. ಸಿಎಲ್‌ಟಿಯಲ್ಲಿ ಪದರಗಳು ಅಡ್ಡಡ್ಡ ಇರುವುದರಿಂದ ಇದು ಬಹುಪಾಲು ಸರಿದೂಗುತ್ತದೆ. ಅಂಟಿನ ಪದರ ತೆಳು, ಅದರಿಂದ ತೊಂದರೆ ಇಲ್ಲ.

ನಿಜವಾದ ಕಳ್ಳರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನೆ ಕಟ್ಟುವವರು ಮೋಸ ಹೋಗುವುದು ಇಲ್ಲೇ.

ಮೊದಲನೆಯದು ಫಾಯಿಲ್. ಹೆಂಚಿನ ಕೆಳಗೆ, ಶೀಟಿನ ಕೆಳಗೆ, ಮರದ ಗೋಡೆಯ ಹೊರಪದರದ ಹಿಂದೆ ಬಬಲ್ ಫಾಯಿಲ್ ಹಾಸುವುದು ಈಗ ರೂಢಿ. ಶಾಖಕ್ಕೆ ಒಳ್ಳೆಯದೇ. ಆದರೆ ಅದರ ಮೇಲಿರುವುದು ಅಲ್ಯೂಮಿನಿಯಂ. ಕೂದಲೆಳೆಗಿಂತ ತೆಳು ಇದ್ದರೂ ಸಿಗ್ನಲ್‌ಗೆ ಅದು ಗೋಡೆ. ನಾಲ್ಕೂ ಕಡೆ ಮತ್ತು ಮೇಲೆ ಹಾಸಿಬಿಟ್ಟರೆ ಒಳಗಿನ ಮರಕ್ಕೆ ಬೆಲೆಯೇ ಇಲ್ಲ. ಶಾಖ ತಡೆಯಬೇಕಾದರೆ ಲೋಹ ಇಲ್ಲದ ವಸ್ತು ಸಿಗುತ್ತದೆ. ಮರದ ನಾರಿನ ಹಲಗೆ, ಥರ್ಮಾಕೋಲ್ ಹಲಗೆ, ರಾಕ್‌ವೂಲ್. ರಾಕ್‌ವೂಲ್ ಕೊಳ್ಳುವಾಗ ಮಗ್ಗುಲು ತಿರುಗಿಸಿ ನೋಡಿ. ಕೆಲವಕ್ಕೆ ಒಂದು ಮೈಗೆ ಫಾಯಿಲ್ ಅಂಟಿಸಿರುತ್ತಾರೆ.

ಎರಡನೆಯದು ಆ ಹೊಳೆಯುವ ಗಾಜು. ಪಡುವಣ ಬಿಸಿಲು ಬೀಳುವ ಕಡೆ ಅದು ಬೇಕೇ ಬೇಕು ಅನ್ನಿಸಿದರೆ ಹಾಕಿಸಿ. ಆದರೆ ಮೊಬೈಲ್ ಟವರ್ ಯಾವ ಕಡೆ ಇದೆಯೋ ಆ ಕಡೆ ಒಂದು ಕಿಟಕಿಗಾದರೂ ಸಾದಾ ಗಾಜು ಬಿಡಿ.

ಮೂರನೆಯದು ನೆಲ. ಮರದ ಮಹಡಿ ಮನೆಯಲ್ಲಿ ಮೇಲೆ ನಡೆದರೆ ಕೆಳಗೆ ಧಡಧಡ ಅನ್ನುತ್ತದೆ. ಅದಕ್ಕೆ ಸಿಎಲ್‌ಟಿ ನೆಲದ ಮೇಲೆ ಕಾಂಕ್ರೀಟ್ ಪದರ ಹಾಕುತ್ತಾರೆ, ಕೆಲವೊಮ್ಮೆ ಕಬ್ಬಿಣದ ಜಾಲರಿಯನ್ನೂ. ಗೋಡೆ ಮರದ್ದಾದರೂ ಅಂತಸ್ತಿನಿಂದ ಅಂತಸ್ತಿಗೆ ಸಿಗ್ನಲ್ ಇಳಿಯುವಾಗ ನೀವು ಕಾಂಕ್ರೀಟಿನ ಲೆಕ್ಕಕ್ಕೆ ವಾಪಸ್ ಬಂದಿರುತ್ತೀರಿ. ಎರಡು ಅಂತಸ್ತಿದ್ದರೆ ಎರಡಕ್ಕೂ ಬೇರೆ ಬೇರೆ ವೈಫೈ ಪಾಯಿಂಟ್ (ವೈಫೈ ಹೊರಡಿಸುವ ಡಬ್ಬಿ) ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ನಾಲ್ಕನೆಯದು ಚಿಕನ್ ಮೆಶ್. ಇದು ಮರಕ್ಕಿಂತ ಇಟ್ಟಿಗೆ ಮನೆಯ ಸಮಸ್ಯೆ. ಕಂಬ ಮತ್ತು ಗೋಡೆ ಸೇರುವಲ್ಲಿ ಪ್ಲಾಸ್ಟರ್ ಬಿರುಕು ಬಿಡದಿರಲಿ ಅಂತ ಜಾಲರಿ ಹಾಕುತ್ತಾರೆ. ಪಟ್ಟಿಯಾಗಿ ಹಾಕಿದರೆ ಚಿಂತೆ ಇಲ್ಲ. ಕೆಲವರು ಭದ್ರತೆ ಅಂತ ಇಡೀ ಗೋಡೆಗೇ ಹೊದಿಸುತ್ತಾರೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ 12.5 ಸೆಂಟಿಮೀಟರ್, 5.5ರದ್ದು ಐದೂವರೆ ಸೆಂಟಿಮೀಟರ್. ಅರ್ಧ ಇಂಚಿನ ಕಿಂಡಿಯ ಜಾಲರಿ ಆ ಅಲೆಗಳನ್ನು ಒಂದಿಷ್ಟು ತಡೆಯುತ್ತದೆ. ಮೇಸ್ತ್ರಿಗೆ ಮೊದಲೇ ಹೇಳಿ, ಸಂದಿಗೆ ಮಾತ್ರ ಸಾಕು ಅಂತ.

ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿ ಸಾಲುಗಳಲ್ಲಿ ಮುಂಭಾಗಕ್ಕೆ ಎಸಿಪಿ ಶೀಟ್ ಹೊಡೆಯುತ್ತಾರಲ್ಲ, ಅದೂ ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್. ಒಳಗೆ ಸಿಗ್ನಲ್ ಸಿಗದೆ, ಯುಪಿಐ ಹಣ ಬಂದಿದೆಯಾ ಅಂತ ನೋಡಲು ಅಂಗಡಿಯವರು ಹೊರಗೆ ಬರುವುದು ನೋಡಿದ್ದೇನೆ.

ಮರದ ತೊಲೆಗಳನ್ನು ಜೋಡಿಸುವ ಉಕ್ಕಿನ ಪ್ಲೇಟು, ಸ್ಕ್ರೂಗಳ ಬಗ್ಗೆಯೂ ಕೇಳುತ್ತಾರೆ. ಅವು ಬಿಡಿಬಿಡಿಯಾಗಿ ಇರುತ್ತವೆ. ರೂಟರನ್ನು ಅದಕ್ಕೆ ಅಂಟಿಸಿ ಇಡದಿದ್ದರೆ ಸಾಕು. ಜಿಪ್ಸಂ ಬೋರ್ಡ್ ಲೆಕ್ಕಕ್ಕಿಲ್ಲ.

ನಮ್ಮ ಊರಿನ ಬೇರೆ ಗೋಡೆಗಳು

ಮಾಲೂರಿನ ಇಟ್ಟಿಗೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಸುಟ್ಟ ಇಟ್ಟಿಗೆ ಒಣಗಿದ್ದರೆ ಸಿಗ್ನಲ್‌ಗೆ ಕೆಟ್ಟದ್ದಲ್ಲ. ನಾಲ್ಕೂವರೆ ಇಂಚಿನ ಒಳಗೋಡೆ ಇನ್ನೂ ಸುಲಭ. ಸಾಧಾರಣ ಮನೆಗೆ ನನ್ನ ಮೊದಲ ಆಯ್ಕೆ ಇವತ್ತಿಗೂ ಇಟ್ಟಿಗೆಯೇ. ಹಗುರ ಎಎಸಿ ಬ್ಲಾಕ್ ಕೂಡ ಪರವಾಗಿಲ್ಲ. ಅದರ ಒಳಗೆಲ್ಲ ಗಾಳಿಯ ಗುಳ್ಳೆಗಳಿರುತ್ತವೆ. ಗಟ್ಟಿ ಸಿಮೆಂಟ್ ಬ್ಲಾಕ್ ಕಾಂಕ್ರೀಟಿನ ತಮ್ಮ. ಒಳಗೆ ಕಬ್ಬಿಣ ಇಲ್ಲ ಅನ್ನುವುದೊಂದೇ ಸಮಾಧಾನ.

ಕೋಲಾರ, ಪಾವಗಡ, ಶಿರಾ ಕಡೆ ಇನ್ನೂ ಕಲ್ಲು ಚಪ್ಪಡಿ ಮನೆಗಳಿವೆ. ಚಪ್ಪಡಿಯಲ್ಲಿ ಕಬ್ಬಿಣ ಇಲ್ಲ, ಕಲ್ಲು ನೀರು ಕುಡಿಯುವುದೂ ಕಡಿಮೆ. ಹಾಗಾಗಿ ಒಂದೇ ಚಪ್ಪಡಿ ನಿಲ್ಲಿಸಿದ ಗೋಡೆ ನೀವು ಹೆದರುವಷ್ಟು ಕೆಟ್ಟದ್ದಲ್ಲ. ಕಷ್ಟ ಕೊಡುವುದು ಹಳೇ ಕಾಲದ ದಪ್ಪ ಕಲ್ಲುಗೋಡೆ. ಕಲ್ಲು, ಮಣ್ಣು, ಕಲ್ಲು ಅಂತ ಒಂದೂವರೆ ಅಡಿ ದಪ್ಪ ಇರುತ್ತದೆ, ಮಳೆಗಾಲದಲ್ಲಿ ಒಳಗಿನ ಮಣ್ಣು ತೇವ ಹಿಡಿದುಕೊಳ್ಳುತ್ತದೆ. ಅಂಥ ಮನೆಯನ್ನು ಹೋಂಸ್ಟೇ ಮಾಡುವವರು ಪ್ರತಿ ಕೋಣೆಗೂ ವೈರ್ ಎಳೆಸಲೇಬೇಕು.

ಎಲ್ಲಾ ಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುವ ಅಪಾರ್ಟ್‌ಮೆಂಟ್‌ಗಳು ಸಿಗ್ನಲ್ ವಿಷಯದಲ್ಲಿ ಬಹಳ ಕಠಿಣ. ಒಂದು ರೂಟರ್ ಒಂದು ಹಾಲ್‌ಗೆ, ಅಷ್ಟೇ. ತಗಡು ಶೀಟಿನ ಚಾವಣಿ ಮೇಲಿನಿಂದ ಏನನ್ನೂ ಬಿಡುವುದಿಲ್ಲ. ಪಕ್ಕದ ಗೋಡೆ, ಕಿಟಕಿಗಳೇ ಗತಿ.

ಮರ ಸಿಗ್ನಲ್ ಬಿಡುತ್ತದೆ, ಅದೂ ಒಂದು ತೊಂದರೆ

ಇದನ್ನು ಯಾರೂ ಹೇಳುವುದಿಲ್ಲ. ಎಂಟು ಕೋಣೆಗಳ ಮರದ ಹೋಂಸ್ಟೇ ಅಂದುಕೊಳ್ಳಿ. ಕೋಣೆಗೊಂದು ವೈಫೈ ಇಟ್ಟರೆ ಎಲ್ಲವೂ ಒಂದಕ್ಕೊಂದು ಕೇಳಿಸುತ್ತವೆ. ಎಂಟು ಜನ ಒಂದೇ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಕಡ್ಡಿ ಪೂರ್ತಿ ಇರುತ್ತದೆ, ವೇಗ ಇರುವುದಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಅಂದರೆ ಅಲೆ ಸಾಗುವ ಬೇರೆ ಬೇರೆ ದಾರಿಗಳು, ಮೂರೇ: 1, 6 ಮತ್ತು 11. ಎಂಟು ಕೋಣೆಗೆ ಮೂರು ಚಾನೆಲ್ ಸಾಲುವುದಿಲ್ಲ.

ಕಾಂಕ್ರೀಟ್ ಕಟ್ಟಡದಲ್ಲಿ ಗೋಡೆಯೇ ಬೇಲಿ. ಪಕ್ಕದ ಕೋಣೆಯ ಸದ್ದು ಈ ಕಡೆ ಬರುವುದಿಲ್ಲ. ಹಾಗಾಗಿ ಅಲ್ಲಿ ಕೋಣೆಗೊಂದು ಪಾಯಿಂಟ್ ಇಟ್ಟರೆ ಚೆನ್ನಾಗಿ ನಡೆಯುತ್ತದೆ. ಮರದ ಕಟ್ಟಡದಲ್ಲಿ ಉಲ್ಟಾ ಮಾಡಬೇಕು. ಕಡಿಮೆ ಪಾಯಿಂಟ್ ಇಡಿ, ಮೂರು ನಾಲ್ಕು ಕೋಣೆಗೆ ಒಂದು. ಪವರ್ ಕಡಿಮೆ ಮಾಡಿ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಜಾಸ್ತಿ ಇವೆ, ಅತಿಥಿಗಳನ್ನು ಅಲ್ಲಿಗೆ ಕಳಿಸಿ. ಟ್ಯೂಷನ್ ಸೆಂಟರ್, ಹಾಸ್ಟೆಲ್, ಸಣ್ಣ ಕಚೇರಿಗೂ ಇದೇ ಮಾತು. ಪಾಯಿಂಟ್ ಜಾಸ್ತಿ ಮಾರಿದರೆ ಅಂಗಡಿಗೆ ಲಾಭ. ನಿಮಗಲ್ಲ.

ನಿಮ್ಮ ವೈಫೈ ಗೋಡೆ ದಾಟಿ ರಸ್ತೆಗೂ ಹೋಗುತ್ತದೆ. ಒಳ್ಳೆಯ ಪಾಸ್‌ವರ್ಡ್ ಇಡಿ. ರೂಟರ್‌ನಲ್ಲಿ ಡಬ್ಲ್ಯೂಪಿಎ3 ಎಂಬ ಹೊಸ ಭದ್ರತಾ ವಿಧಾನ ಇದ್ದರೆ ಅದನ್ನೇ ಆರಿಸಿ.

ಮೊಬೈಲ್ ಸಿಗ್ನಲ್

ಟವರ್‌ನಿಂದ ಬರುವ ಸಿಗ್ನಲ್ ಬೇರೆ ಕಥೆ. ಅದು ಬರುವಾಗಲೇ ದಣಿದು ಬಂದಿರುತ್ತದೆ. ದೇವರಾಯನದುರ್ಗದ ಹಿಂದೆ, ನಂದಿಯ ಮರೆಯಲ್ಲಿ ಇರುವ ಜಮೀನಿಗೆ ಹೊರಗೇ ಸಿಗ್ನಲ್ ಕಡಿಮೆ. ಅಲ್ಲಿ ಗೋಡೆ ತಿನ್ನುವ ಹತ್ತು ಡಿಬಿ ಸಾವು ಬದುಕಿನ ಪ್ರಶ್ನೆ. ಇಂಥ ಜಾಗದಲ್ಲಿ ಮರದ ಗೋಡೆ ನಿಜವಾಗಿ ಕೈ ಹಿಡಿಯುತ್ತದೆ. ನಮ್ಮ ದೇಶದ 5ಜಿ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದರಲ್ಲಿ 700 ಮೆಗಾಹರ್ಟ್ಸ್ ಅಲೆ ಗೋಡೆಯನ್ನು ಚೆನ್ನಾಗಿ ದಾಟುತ್ತದೆ. 3.5 ಗಿಗಾಹರ್ಟ್ಸ್ ಹತ್ತಿರದ ಅಲೆಗೆ ಕಾಂಕ್ರೀಟ್ ದಾಟುವುದು ಕಷ್ಟ, ಆ ಮಾದರಿಯ ಲೆಕ್ಕದಲ್ಲಿ 19 ಡಿಬಿ. ಮರವಾದರೆ ಐದೂಕಾಲು.

ಟವರ್ ಸಿಗ್ನಲ್ ಜೋರು ಮಾಡುವ ಬೂಸ್ಟರ್ ತಂದು ಹಾಕುತ್ತೇನೆ ಅನ್ನುವವರ ಮಾತು ಕೇಳಬೇಡಿ. ಅನುಮತಿ ಇಲ್ಲದೆ ಮೊಬೈಲ್ ಬೂಸ್ಟರ್ ಹಾಕುವುದು ಕಾನೂನಿಗೆ ವಿರುದ್ಧ. ಸುತ್ತಲಿನ ಜನರ ಸಿಗ್ನಲ್ಲೂ ಕೆಡುತ್ತದೆ. ಒಳ್ಳೆಯ ವೈಫೈ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಸಾಕು. ಕಾಲ್ ಟವರ್ ಬದಲು ವೈಫೈ ಮೂಲಕವೇ ಹೋಗುತ್ತದೆ.

ಯಾರಿಗೆ ಯಾವುದು

ಊರೊಳಗೆ ಮೂವತ್ತು ನಲವತ್ತರ ಸೈಟಿನಲ್ಲಿ ಮಹಡಿ ಮನೆ ಕಟ್ಟುವವರಿಗೆ ಇಟ್ಟಿಗೆ ಅಥವಾ ಎಎಸಿ ಸಾಕು. ಹೇಗಿದ್ದರೂ ಸ್ಲ್ಯಾಬ್ ಕಾಂಕ್ರೀಟಿನದ್ದೇ. ಅಂತಸ್ತಿಗೊಂದು ಪಾಯಿಂಟ್ ಇಡಿ. ತೋಟದಲ್ಲಿ ಒಂದೇ ಅಂತಸ್ತಿನ ಮನೆ, ಟವರ್ ದೂರ, ಮರ ಇಷ್ಟ ಅಂದರೆ 10 ಸೆಂಟಿಮೀಟರ್ ಆಸುಪಾಸಿನ ಸಿಎಲ್‌ಟಿ ಒಳ್ಳೆಯ ಆಯ್ಕೆ. ಫಾಯಿಲ್ ಬೇಡ, ತಗಡು ಬೇಡ, ಸಾದಾ ಗಾಜು. ಕೋಣೆ ಕೋಣೆಗೆ ಬೇರೆ ಬೇರೆ ಜನ ಇರುವ ಲಾಡ್ಜ್, ಹಾಸ್ಟೆಲ್ ಆದರೆ ಒಳಗೋಡೆ ಇಟ್ಟಿಗೆಯದ್ದೇ ಇರಲಿ ಅನ್ನುತ್ತೇನೆ. ಸದ್ದಿಗೂ ಒಳ್ಳೆಯದು, ಸಿಗ್ನಲ್ ಒಂದರ ಮೇಲೊಂದು ಬೀಳದಿರುವುದಕ್ಕೂ ಒಳ್ಳೆಯದು.

ಮರ ಆರಿಸಿದರೆ ಒಂದು ಎಚ್ಚರ. ಇಟ್ಟಿಗೆ ಗೋಡೆಯಾದರೆ ಆಮೇಲೆ ಕೊರೆದು ಪೈಪ್ ಕೂರಿಸಿ ಪ್ಲಾಸ್ಟರ್ ಮಾಡಿಬಿಡಬಹುದು. ಸಿಎಲ್‌ಟಿಯಲ್ಲಿ ಕಿಟಕಿ, ಸ್ವಿಚ್, ವೈರಿನ ದಾರಿ ಎಲ್ಲವನ್ನೂ ಕಾರ್ಖಾನೆಯಲ್ಲೇ ಯಂತ್ರ ಕೊರೆದು ಕಳಿಸುತ್ತದೆ. ನೆಟ್‌ವರ್ಕ್ ವೈರ್ ಎಲ್ಲಿ ಬರಬೇಕು ಅನ್ನುವುದು ನಕ್ಷೆ ಕಾರ್ಖಾನೆಗೆ ಹೋಗುವ ಮುಂಚೆಯೇ ತೀರ್ಮಾನ ಆಗಿರಬೇಕು. ಪ್ರತಿ ಅಂತಸ್ತಿನ ಚಾವಣಿಯ ನಡುವೆ ಒಂದು ಪಾಯಿಂಟ್, ಟಿವಿಯ ಹಿಂದೆ ಒಂದು, ಕೆಲಸದ ಮೇಜಿನ ಹತ್ತಿರ ಒಂದು. ಅಲ್ಲಿಗೆಲ್ಲ ಕ್ಯಾಟ್6 ಎಂಬ ನೆಟ್‌ವರ್ಕ್ ವೈರ್ ಹೋಗಲಿ.

ತೀರ್ಮಾನಕ್ಕೆ ಮುಂಚೆ ಅದೇ ವಸ್ತುವಿನಲ್ಲಿ ಕಟ್ಟಿದ ಒಂದು ಮನೆಗೆ ಹೋಗಿ ಅಳೆದು ನೋಡಿ. ಗೋಡೆಯ ತುಂಡು ತಂದು ಅಳೆಯಬೇಡಿ, ಅಲೆ ಪಕ್ಕದಿಂದ ಸುತ್ತಿ ಬರುತ್ತದೆ. ಆಂಡ್ರಾಯ್ಡ್ ಫೋನಿಗೆ ವೈಫೈ ಅಳೆಯುವ ಉಚಿತ ಆ್ಯಪ್‌ಗಳು ಸಿಗುತ್ತವೆ. ರೂಟರ್‌ನಿಂದ ಒಂದೇ ದೂರದಲ್ಲಿ, ಒಮ್ಮೆ ಬಾಗಿಲು ತೆರೆದ ಕಡೆಯಿಂದ, ಒಮ್ಮೆ ಗೋಡೆಯ ಹಿಂದಿನಿಂದ ನೋಡಿ. ಒಂದೇ ಫೋನ್ ಬಳಸಿ. ನಿಮ್ಮ ಮೈ ಫೋನಿಗೂ ರೂಟರ್‌ಗೂ ನಡುವೆ ಬರದಿರಲಿ, ನಮ್ಮ ದೇಹವೂ ಬಹುಪಾಲು ನೀರೇ ಅಲ್ವಾ. ಅಂಕಿ ಕುಣಿಯುತ್ತಿರುತ್ತದೆ. ಹತ್ತು ಸಲ ನೋಡಿ ಸರಾಸರಿ ಹಿಡಿಯಿರಿ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನ ಇನ್ನೊಮ್ಮೆ ಹೋಗಿ.

ಭಾವನ ಹಳೇ ಎರಡು ಕಾಟೇಜುಗಳ ಫಾಯಿಲ್ ಕಿತ್ತು ತೆಗೆಯುವ ಹಾಗಿರಲಿಲ್ಲ. ಮನೆಯಿಂದ ನೆಲದಡಿ ಪೈಪ್ ಹಾಕಿ ಫೈಬರ್ ಎಳೆದೆ. ಕಾಟೇಜಿಗೊಂದು ವೈಫೈ ಪಾಯಿಂಟ್ ಇಟ್ಟೆ. ಅತಿಥಿಗಳಿಗೆ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ ಅಂತ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದೆವು. ಈಗ ಮೂರನೇ ಕಾಟೇಜಿಗೆ ಪಾಯ ಆಗಿದೆ. ಈ ಸಲವೂ ಮರದ್ದೇ. ಚಾವಣಿಯ ಕೆಳಗೆ ಮರದ ನಾರಿನ ಹಲಗೆ, ಟವರ್ ಕಡೆಯ ಎರಡು ಕಿಟಕಿಗೂ ಸಾದಾ ಗಾಜು ಅಂತ ನಕ್ಷೆಯಲ್ಲೇ ಬರೆಸಿದ್ದಾರೆ. ಹೋದ ವಾರ ಹೋಗಿದ್ದಾಗ ಪಾಯದಿಂದ ಮೇಲೆದ್ದ ಪೈಪಿನ ಬಾಯಿಗೆ ಮಣ್ಣು ಬೀಳದಿರಲಿ ಅಂತ ಅಕ್ಕ ಬಟ್ಟೆ ಕಟ್ಟುತ್ತಿದ್ದಳು.